ಖುರಾಕು

ಶ್ರಾವಣದ ಒಂದು ರವಿವಾರ. ನಮ್ಮ ಖಾಸಬಾಗದಲ್ಲಿ ರವಿವಾರವೆಂದರೆ ಸಂತೆ. ಹೊತ್ತೇರಿದ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಮೆಂತ್ಯಪಲ್ಲೆ ಮಾರುವ ಮುದುಕಿ ನಮ್ಮ ಬಾಗಿಲಲ್ಲಿ ಬುಟ್ಟಿ ಇಳಿಸಿ ಚಿಲ್ಲರೆಗಾಗಿ ಕಾದಿದ್ದಳು. ನನ್ನ ಹತ್ತಿರ ಇದ್ದದ್ದು ಐದುನೂರರ ನೋಟು. ಒಳಗೆ ಕೂಸಿಗೆ ಹಾಲು ಕುಡಿಸುತ್ತಿದ್ದ ಸೊಸೆ, "ನನ್ನ ಬ್ಯಾಗಿನ್ಯಾಗ ಚಿಲ್ಲರ ಅದಾವ, ತಗೋರಿ ಅತ್ತೀ" ಎಂದಳು. ಮೂರು ಖಾನೆಗಳ ಬ್ಯಾಗು. ನಾನು ಕೈಹಾಕಿದ್ದು ತಪ್ಪು ಖಾನೆಗೆ. ಚಿಲ್ಲರೆಯ ಬದಲು ಹೊಳೆಯುವ ಕಾಗದಗಳು ಸಿಕ್ಕವು. ನಾಲ್ಕು ಖಾಲಿ, ಒಂದು ಇನ್ನೂ ಒಡೆಯದ್ದು. ಮೇಲೆ ದಪ್ಪ ಅಕ್ಷರಗಳಲ್ಲಿ 'ಹೈ ಪ್ರೋಟೀನ್' ಎಂದಿತ್ತು. ಬೆಲೆ ೧೨೦ ರೂಪಾಯಿ.

ಮುದುಕಿಗೆ ದುಡ್ಡು ಕೊಟ್ಟು ಕಳಿಸಿದೆ. ಮೆಂತ್ಯಪಲ್ಲೆ ಸೋಸುತ್ತ ಕೂತಾಗ ನನ್ನ ಮನಸ್ಸಿನಲ್ಲಿ ಬಂದ ಮೊದಲ ಮಾತು ಯಾವುದೆಂದು ಹೇಳಿದರೆ ನನಗೇ ನಾಚಿಕೆ. "ಕದ್ದು ತಿಂತಾಳ" ಎಂಬ ಮಾತು ಅದು. ಅವಳು ದುಡಿದ ದುಡ್ಡು, ಅವಳ ಬ್ಯಾಗು, ಅವಳ ಬಾಯಿ. ಇದರಲ್ಲಿ ಕಳವು ಎಲ್ಲಿಂದ ಬಂತು? ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಸುಳ್ಳು ಯಾವುದು, ಕಳವು ಯಾವುದು ಎಂದು ಹೇಳಿಕೊಡುತ್ತ ಬಂದವಳು ನಾನು. ಆದರೂ ಮನೆಯ ಸೊಸೆ ನಾಲ್ಕು ಜನರ ಮುಂದಲ್ಲದೆ ಒಬ್ಬಳೇ ಏನನ್ನಾದರೂ ತಿಂದರೆ ಅದಕ್ಕೆ ಬೇರೆ ಹೆಸರೇ ನನ್ನ ನಾಲಗೆಗೆ ತಿಳಿಯದು. ನಮ್ಮ ಕಡೆಯ ಕತೆಗಳಲ್ಲಿ, ಗಾದೆಗಳಲ್ಲಿ, ಬೀಸುವ ಕಲ್ಲಿನ ಮುಂದಿನ ಹರಟೆಗಳಲ್ಲಿ ಕದ್ದು ತಿನ್ನುವ ಸೊಸೆ ಇದ್ದೇ ಇದ್ದಾಳೆ. ಕದ್ದು ತಿನ್ನುವ ಮಗನನ್ನು ನಾನು ಕೇಳಿದ್ದಿಲ್ಲ. ಅವನು ತಿಂದರೆ 'ತುಡುಗು' ಎಂದು ನಗುತ್ತೇವೆ, ಕೃಷ್ಣನ ಹೆಸರು ಹೇಳುತ್ತೇವೆ.

ಸಿಟ್ಟು ಮಾತ್ರ ಇಳಿಯಲಿಲ್ಲ. ಅದಕ್ಕೆ ಲೆಕ್ಕದ ಬೆಂಬಲ ಕೊಟ್ಟೆ. ಚಾಳೀಸು ಹಾಕಿಕೊಂಡು ಕಾಗದದ ಹಿಂಬದಿ ಓದಿದೆ. ಮುಂದಿನ ಅಕ್ಷರ ಹೆಬ್ಬೆರಳಿನಷ್ಟು, ಹಿಂದಿನವು ಸಾಸಿವೆಯಷ್ಟು. ಒಂದು ಬಾರಿನಲ್ಲಿ ೨೦ ಗ್ರಾಂ ಪ್ರೋಟೀನು. ಹಾಲಿನ ಪುಡಿ, ಸೋಯಾ, ಶೇಂಗಾ, ಕೋಕೋ, ಸಕ್ಕರೆಯ ಬದಲಿಗೆ ಹಾಕಿದ ಯಾವುದೋ ಸಿಹಿ, ನಾಲಿಗೆ ಹೊರಳದ ಇನ್ನೂ ಏಳೆಂಟು ಹೆಸರು. ನೂರು ಗ್ರಾಂ ಶೇಂಗಾದಲ್ಲಿ ಸುಮಾರು ೨೫ ಗ್ರಾಂ ಪ್ರೋಟೀನು ಇರುತ್ತದೆ, ಪುಠಾಣಿಯಲ್ಲಿ ೨೦ರ ಮೇಲೆ, ಒಂದು ತತ್ತಿಯಲ್ಲಿ ೬. ಅಂದರೆ ಎಂಬತ್ತು ಗ್ರಾಂ ಶೇಂಗಾ ತಿಂದರೆ ಒಂದು ಬಾರಿನ ಲೆಕ್ಕ ಸರಿ. ನಾನು ಆ ವಾರ ಶೇಂಗಾ ತಂದದ್ದು ಕಿಲೋಕ್ಕೆ ೧೬೦ ರೂಪಾಯಿಯಂತೆ. ಹದಿಮೂರು ರೂಪಾಯಿಯ ಕಾಳಿಗೆ ನೂರಾ ಇಪ್ಪತ್ತು! ಶೇಂಗಾದ ಸಂಗಡ ಎಣ್ಣೆಯೂ ಹೊಟ್ಟೆಗೆ ಬರುತ್ತದೆ, ಬಾರಿನಲ್ಲಿ ಅದು ಕಡಿಮೆ ಎಂಬುದು ನಿಜ. ಆದರೆ ಆ ಹೊತ್ತಿನಲ್ಲಿ ನನಗೆ ಆ ನಿಜ ಬೇಕಿರಲಿಲ್ಲ.

ಸಂಜೆ ಅವಳು ಅರಿವೆ ಮಡಚುತ್ತಿದ್ದಾಗ ಕೇಳಿಯೇಬಿಟ್ಟೆ. "ಮನ್ಯಾಗ ಶೇಂಗಾ ಇಲ್ಲೇನ ಯವ್ವಾ?"

ಅವಳಿಗೆ ಕೂಡಲೇ ತಿಳಿಯಿತು. ಮುಖ ಕೆಂಪಾಯಿತು, ದನಿ ಏರಲಿಲ್ಲ. "ಅದಾವ್ರಿ ಅತ್ತೀ. ಹುರಿಯೋರು ಯಾರು? ಸಿಪ್ಪಿ ಕೇರಿ ಡಬ್ಬಿಗೆ ಹಾಕೋರು ಯಾರು? ಹಾಕಿದೆ ಅಂತ ತಿಳೀರಿ. ಡಬ್ಬಿ ತಗದ ಸಪ್ಪಳಾದ್ರ ಸಾಕು, ಹೊರಗಿನಿಂದ ಮಾವಾರು ಕೇಳ್ತಾರ, ಇವರು ಕೇಳ್ತಾರ, ನೀವೂ ಕೇಳ್ತೀರಿ, 'ಏನ್ ತಿನ್ನಾಕತ್ತೀ?' ಅಂತ. ಎಲ್ಲಾರಿಗೂ ಒಂದೊಂದು ಮುಟಗಿ ಕೊಟ್ಟು ಬರೂದ್ರಾಗ ಡಬ್ಬಿ ಖಾಲಿ, ನನ್ನ ಬಸ್ಸು ಹೋಗಿರ್ತದ. ಇದು ಹಂಗಲ್ಲ. ಇದನ್ನ ಒಬ್ಬರ ಸಲುವಾಗೇ ಮಾಡಿರ್ತಾರ. ಉದ್ಯಮಬಾಗಕ್ಕ ಹೋಗೂ ಬಸ್ಸಿನ್ಯಾಗ ಕೂತು ತಿಂತೇನಿ. ಅಲ್ಲಿ ನನ್ನ ಯಾರೂ ಏನೂ ಕೇಳಂಗಿಲ್ಲ."

ನಾನು ಉತ್ತರ ಕೊಡಲಿಲ್ಲ. ಇರಲಿಲ್ಲವೆಂದಲ್ಲ, ಬಾಯಿತುಂಬ ಇದ್ದವು. ಹಂಚಿಕೊಂಡು ತಿನ್ನಬೇಕು ಎಂಬುದು ನಾವು ಮಕ್ಕಳಿಗೆ ಹೇಳಿಕೊಡುವ ಮೊದಲ ನೀತಿ. ಸದ್ಯಕ್ಕೆ ಅದನ್ನು ಹೇಳಲು ಬಾಯಿ ಬರಲಿಲ್ಲ. ಏಕೆಂದರೆ ಆ ರಾತ್ರಿ ನಿದ್ದೆ ಬಾರದೆ ಹೊರಳಾಡುವಾಗ ನನಗೆ ಬಾದಾಮಿಯ ನೆನಪು ಬಂತು.

ನಾನು ಆಗ ಐದನೆಯ ಇಯತ್ತೆ. ನಮ್ಮ ಅಣ್ಣ ತಾಲೀಮಿಗೆ ಹೋಗುತ್ತಿದ್ದ. ಬೆಳಗಾವಿ-ಖಾನಾಪುರದ ಕಡೆ ಕುಸ್ತಿಯ ಹುಚ್ಚು ಎಷ್ಟೆಂದು ಈ ಕಡೆಯ ಹೆಣ್ಣುಮಕ್ಕಳಿಗೆ ಹೇಳಬೇಕಾಗಿಲ್ಲ. ಜಾತ್ರೆಯೆಂದರೆ ಕುಸ್ತಿ ಇರಬೇಕು. ಕುಸ್ತಿಯ ಹುಡುಗನಿಗೆ ಖುರಾಕು ಬೇಕು. ನಮ್ಮ ಕಡೆ 'ಊಟ' ಬೇರೆ, 'ಖುರಾಕು' ಬೇರೆ. ಊಟ ಮನೆಮಂದಿಗೆಲ್ಲ. ಖುರಾಕು ಅಣ್ಣನೊಬ್ಬನಿಗೆ: ನೆನೆಸಿದ ಕಡಲೆ, ಎಮ್ಮೆಯ ಹಾಲು, ತುಪ್ಪ, ಅರೆದ ಬಾದಾಮಿಯ ಥಂಡಾಯಿ. ಅಪ್ಪನಿಗೆ ಮಗ್ಗದ ಕೆಲಸ, ಅವ್ವ ದಿನವಿಡೀ ರಾಟಿಯ ಮುಂದೆ ಕಂಡಕಿ ಸುತ್ತುತ್ತಿದ್ದಳು. ಆ ಕಂಡಕಿಯ ದುಡ್ಡೆಲ್ಲ ಖುರಾಕಿಗೆ. ಬೆಳಗಿನ ಜಾವ ಎದ್ದು ಬಾದಾಮಿ ಸಿಪ್ಪೆ ತೆಗೆದು ಕಲ್ಲಿನ ಮೇಲೆ ಅರೆಯುವ ಕೆಲಸ ನನ್ನದು. ಹತ್ತು ಬಾದಾಮಿ, ಎಣಿಸಿ ಕೊಡುತ್ತಿದ್ದಳು. ಅರೆದು ಬಳಿದು ಕೊಟ್ಟ ಮೇಲೆ ಕಲ್ಲಿಗೆ ಒಂದಿಷ್ಟು ಬಿಳಿ ಅಂಟಿಕೊಂಡಿರುತ್ತಿತ್ತು. ನಾನು ಅದನ್ನು ನೆಕ್ಕುತ್ತಿದ್ದೆ. ಕಲ್ಲಿನ ಹಳಕು ನಾಲಗೆಗೆ ತಾಕಿ ಉರಿಯುತ್ತಿತ್ತು. ಆದರೂ ಆ ರುಚಿ, ಅದರಂಥ ರುಚಿ ಮುಂದೆ ನಾನು ಕಂಡಿಲ್ಲ. ಒಂದು ದಿನ ಅವ್ವ ನೋಡಿದಳು. ಬೆನ್ನಿಗೆ ಒಂದು ಗುದ್ದು. "ಕದ್ದು ತಿಂತೀಯೇನ?" ಎಂದಳು. ಅಂದಿನಿಂದ ಕಲ್ಲನ್ನು ತಾನೇ ತೊಳೆದು, ಆ ನೀರನ್ನೂ ಅಣ್ಣನ ಲೋಟಕ್ಕೆ ಹಾಕತೊಡಗಿದಳು.

ಅವ್ವ ಕೆಟ್ಟವಳಲ್ಲ. ಅವಳೇ ಏನು ತಿನ್ನುತ್ತಿದ್ದಳೋ ನನಗೆ ನೆನಪೇ ಇಲ್ಲ. ನೆನಪು ಮಾಡಿಕೊಳ್ಳಲು ಎಷ್ಟು ಯತ್ನಿಸಿದರೂ ಅವ್ವ ಬಡಿಸುವುದು ಕಾಣುತ್ತದೆ, ಬುಟ್ಟಿಯಲ್ಲಿ ಎಷ್ಟು ರೊಟ್ಟಿ ಉಳಿದಾವೆ ಎಂದು ಇಣುಕಿ ನೋಡುವುದು ಕಾಣುತ್ತದೆ. ಉಣ್ಣುವುದು ಕಾಣುವುದಿಲ್ಲ. ಅವಳ ಲೆಕ್ಕದಲ್ಲಿ ಮನೆಯಲ್ಲಿ ಒಂದು ಮೈ ಬಲವಾದರೆ ಎಲ್ಲರೂ ಬಲವಾದಂತೆ. ಆ ಒಂದು ಮೈ ಯಾರದೆಂದು ಯಾರೂ ಕೂತು ನಿರ್ಣಯ ಮಾಡಿರಲಿಲ್ಲ. ಅದಕ್ಕೇ ಅದನ್ನು ಯಾರೂ ಪ್ರಶ್ನಿಸಲಿಲ್ಲ.

ಇಲ್ಲಿ ಸ್ವಲ್ಪ ದೂರ ಹೋಗಿಬರುತ್ತೇನೆ; ಲೆಕ್ಕದ ಮೇಷ್ಟ್ರಬಾಯಿಯ ಚಟವೆಂದು ಓದುವವರು ಕ್ಷಮಿಸಬೇಕು. ಪ್ರೋಟೀನಿನ ಈ ಗದ್ದಲ ಇಂದಿನದಲ್ಲ. ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ೧೯೫೦ರಲ್ಲಿ ಆರಂಭವಾದ ಕೇಂದ್ರ ಆಹಾರ ಸಂಶೋಧನಾಲಯದವರು ದೇಶದ ಬಡವರ ಸಲುವಾಗಿ ಒಂದು ಹಿಟ್ಟು ತಯಾರಿಸಿದರು. ಅಮೇರಿಕೆಯಲ್ಲಿ ಇಂಥದನ್ನು ಸೋಯಾದಿಂದ ಮಾಡಿದ್ದರು. ನಮ್ಮವರು ಎಣ್ಣೆ ತೆಗೆದ ಶೇಂಗಾದ ಹಿಟ್ಟು ಮುಕ್ಕಾಲು ಪಾಲು, ಹುರಿದ ಕಡಲೆಯ ಹಿಟ್ಟು ಕಾಲು ಪಾಲು ಕೂಡಿಸಿ, ಜೀವಸತ್ವ ಸೇರಿಸಿದರು. 'ಇಂಡಿಯನ್ ಮಲ್ಟಿಪರ್ಪಸ್ ಫುಡ್' ಎಂದು ಹೆಸರು. ಶೇಂಗಾ ಮತ್ತು ಪುಠಾಣಿ! ನಮ್ಮ ಮಗ್ಗದ ಗಂಡಸರು ಅಂಗಿಯ ಕಿಸೆಯಲ್ಲಿ ಬೆಲ್ಲದ ತುಣುಕಿನ ಸಂಗಡ ಹಾಕಿಕೊಂಡು ಹೋಗುತ್ತಿದ್ದುದು ಅದೇ ಜೋಡಿ. ಹುರಿದಿಟ್ಟದ್ದು, ಕೂಡಲೇ ತಿನ್ನುವಂಥದ್ದು, ಕೆಡದಂಥದ್ದು. ಅಂಗಡಿಯವರ ಇಂದಿನ ಪಾಕೀಟಿನ ಮೇಲಿರುವ ಎಲ್ಲ ಗುಣವೂ ಅದರಲ್ಲಿತ್ತು. ಪಾಕೀಟು ಮಾತ್ರ ಇರಲಿಲ್ಲ. ಸಂಶೋಧನೆ ಮಾಡಿದವರ ಕೆಲಸ ಸಣ್ಣದಲ್ಲ. ಆದರೆ ಆ ಹಿಟ್ಟಿನ ಹೆಸರು ನಮ್ಮ ಅಡಿಗೆಮನೆಗಳಲ್ಲಿ ಉಳಿಯಲಿಲ್ಲ.

ಆ ಕಾಲಕ್ಕೆ ಜಗತ್ತಿನ ದೊಡ್ಡವರೆಲ್ಲ ಬಡದೇಶಗಳ ರೋಗ ಪ್ರೋಟೀನಿನ ಕೊರತೆ ಎನ್ನುತ್ತಿದ್ದರು. ಸಾತಾರಾ ಜಿಲ್ಲೆಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ ಅವರು ಅದನ್ನು ಒಪ್ಪಲಿಲ್ಲ. ಕಾಳು-ಕಡಿಗಳ ನಮ್ಮ ಊಟವನ್ನು ಹೊಟ್ಟೆತುಂಬ ಉಂಡರೆ ಬಹುಮಟ್ಟಿಗೆ ಪ್ರೋಟೀನೂ ಸಾಕಾಗುತ್ತದೆ, ಕೊರತೆಯಿರುವುದು ಹೊಟ್ಟೆತುಂಬ ಉಣ್ಣುವುದಕ್ಕೇ ಎಂದರು. ಹೈದರಾಬಾದಿನಲ್ಲಿ ಸಿ. ಗೋಪಾಲನ್ ಅವರೂ ಮಕ್ಕಳನ್ನು ನೋಡಿ ಇದೇ ಮಾತು ಹೇಳಿದರು. ೧೯೭೪ರಲ್ಲಿ ಮೆಕ್‌ಲಾರೆನ್ ಎಂಬ ವೈದ್ಯ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಡೀ ಪ್ರೋಟೀನು ಚಳವಳಿಯನ್ನೇ ದೊಡ್ಡ ಫಜೀತಿ ಎಂದು ಕರೆದ. ಹೊಟ್ಟೆ ಅರ್ಧ ತುಂಬಿದವರಿಗೆ ಪ್ರೋಟೀನು ಕೊಟ್ಟರೆ ಮೈ ಅದನ್ನು ಸೌದೆಯಂತೆ ಉರಿಸಿಬಿಡುತ್ತದೆ. ಬಾಗಿಲ ತೊಲೆಯನ್ನು ಒಲೆಗೆ ಹಾಕಿದ ಹಾಗೆ.

ಇದನ್ನೆಲ್ಲ ಓದಿದಾಗ ನನಗೆ ಮೊದಲು ಖುಷಿಯಾಯಿತು. ನೋಡು, ರೊಟ್ಟಿ, ಬೇಳೆ, ಶೇಂಗಾ ಹಿಂಡಿ ಸಾಕು, ಬಾರು ಬೇಡ ಎಂದು ಸೊಸೆಗೆ ತೋರಿಸಬಹುದು! ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ೨೦೨೪ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿಯಲ್ಲಿ ಮೈ ಬೆಳೆಸಲು ಪ್ರೋಟೀನು ಪುಡಿ ಬೇಡ ಎಂದೇ ಹೇಳಿದ್ದಾರೆ. ಬೇಕಾದ ಸಾಕ್ಷಿಗಳೆಲ್ಲ ನನ್ನ ಕಡೆ. ಆಮೇಲೆ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು. 'ಹೊಟ್ಟೆತುಂಬ ಉಂಡರೆ' ಎಂಬುದೇ ಆ ಮಾತು. ಯಾರು ಉಂಡರೆ? ಸುಖಾತ್ಮೆಯವರ ಲೆಕ್ಕ ದೇಶಕ್ಕೆ ಸರಿ. ನಮ್ಮ ಅಡಿಗೆಮನೆಯ ಲೆಕ್ಕ ನಾನೇ ಮಾಡಬೇಕಿತ್ತು.

ಮಾಡಿದೆ. ಆ ಸಂಸ್ಥೆಯವರ ಲೆಕ್ಕದಂತೆ ದೊಡ್ಡವರಿಗೆ ಮೈತೂಕದ ಕಿಲೋಕ್ಕೆ ದಿನಕ್ಕೆ ೦.೮೩ ಗ್ರಾಂ ಪ್ರೋಟೀನು ಬೇಕು. ೫೫ ಕಿಲೋದ ಹೆಂಗಸಿಗೆ ಸುಮಾರು ೪೬ ಗ್ರಾಂ. ಆರು ತಿಂಗಳು ದಾಟಿದ ಕೂಸಿಗೆ ಹಾಲೂಡಿಸುವವಳಿಗೆ ಇನ್ನೂ ೧೩. ಒಂದು ಗುರುವಾರ ಸೊಸೆಗೆ ಗೊತ್ತಾಗದಂತೆ ಅವಳು ತಿಂದದ್ದನ್ನು ಬರೆದಿಟ್ಟೆ. ಬೆಳಿಗ್ಗೆ ನಿಂತುಕೊಂಡೇ ಚಹಾ, ಅರ್ಧ ತಾಟು ಅವಲಕ್ಕಿ. ಡಬ್ಬಿಗೆ ಎರಡು ರೊಟ್ಟಿ, ಬದನೆಕಾಯಿ ಪಲ್ಯ. ಸಂಜೆ ಚಹಾ. ರಾತ್ರಿ ಎಲ್ಲರದೂ ಆದ ಮೇಲೆ ಅನ್ನ, ಬೇಳೆಸಾರು. ಬೇಳೆ ತಳದಲ್ಲಿ ನಿಲ್ಲುವಂಥದ್ದು, ಆದರೆ ನಮ್ಮ ಮನೆಯಲ್ಲಿ ಅದನ್ನು ಕದಡಿ ಮೊದಲಿನವರಿಗೇ ಬಡಿಸುತ್ತೇವೆ, ತಿಳಿ ಉಳಿಯುವುದು ಕಡೆಗೆ. ಎಷ್ಟು ಉದಾರವಾಗಿ ಕೂಡಿಸಿದರೂ ೪೦ ದಾಟಲಿಲ್ಲ. ಅಂದು ಬಸ್ಸಿನಲ್ಲಿ ತಿಂದ ಬಾರನ್ನು ಕೂಡಿಸಿದಾಗ ಲೆಕ್ಕ ಸರಿಹೋಯಿತು.

ಪೆನ್ಸಿಲು ಕೆಳಗಿಟ್ಟೆ. ಮನೆಯೂಟದ ಪರವಾಗಿ ನಾನು ಇಷ್ಟು ದಿನ ವಾದಿಸುತ್ತಿದ್ದೆನಲ್ಲ, ಆ ಹದಿಮೂರು ರೂಪಾಯಿಯ ಲೆಕ್ಕದಲ್ಲಿ ಶೇಂಗಾ ಹುರಿದ ಕೈಗೆ ನಾನು ಒಂದು ಪೈಸೆಯನ್ನೂ ಹಿಡಿದಿರಲಿಲ್ಲ. ಹುರಿಯಬೇಕು, ಆರಿಸಬೇಕು, ತಿಕ್ಕಿ ಸಿಪ್ಪೆ ಕೇರಬೇಕು, ಕಹಿ ಕಾಳು, ಬೂಷ್ಟು ಹಿಡಿದ ಕಾಳು ಆರಿಸಿ ಚೆಲ್ಲಬೇಕು. ಹಿಂಡಿಯಾದರೆ ಬೆಳ್ಳುಳ್ಳಿ, ಕೆಂಪುಖಾರ ಹಾಕಿ ಒಳ್ಳಿನಲ್ಲಿ ಕುಟ್ಟಬೇಕು. ಅಗ್ಗದ ಊಟವೆಂದು ನಾವು ಹೊಗಳುವುದರಲ್ಲಿ ಅಗ್ಗವಾಗಿರುವುದು ಶೇಂಗಾ ಅಲ್ಲ.

ಇನ್ನೊಂದು ನೆನಪು ಇದರ ಬೆನ್ನಿಗೇ ಬಂತು. ೨೦೧೭ರ ಗಾಂಧಿ ಜಯಂತಿಯಂದು ಸರಕಾರದವರು 'ಮಾತೃಪೂರ್ಣ' ಎಂಬ ಯೋಜನೆ ಆರಂಭಿಸಿದ್ದು ನಿಮಗೆ ನೆನಪಿರಬಹುದು. ಬಸುರಿಯರು, ಬಾಣಂತಿಯರು ಅಂಗನವಾಡಿಗೆ ಬಂದು ಮಧ್ಯಾಹ್ನದ ಊಟ ಮಾಡಬೇಕು: ಅನ್ನ, ಸಾರು, ಪಲ್ಯ, ತತ್ತಿ, ಹಾಲು, ಶೇಂಗಾ ಚಿಕ್ಕಿ. ಮೊದಲು ರೇಶನ್ನನ್ನು ಮನೆಗೇ ಕೊಡುತ್ತಿದ್ದರು. ಮನೆಗೆ ಹೋದದ್ದು ಮನೆಮಂದಿಯಲ್ಲಿ ಹಂಚಿಹೋಗುತ್ತಿತ್ತು, ಬಸುರಿಗೆ ಮುಟ್ಟುತ್ತಿರಲಿಲ್ಲ. ಅದಕ್ಕೇ ಈ ಏರ್ಪಾಡು. ನಮ್ಮ ಓಣಿಯಲ್ಲಿ ಕಂಡಕಿ ಸುತ್ತುವ ಒಬ್ಬಾಕೆಯ ಸೊಸೆ ಏಳು ತಿಂಗಳ ಬಸುರಿ, ದಿನಾ ಮಧ್ಯಾಹ್ನ ಸೆರಗು ಹೊದ್ದು ಅಂಗನವಾಡಿಗೆ ಹೋಗುತ್ತಿದ್ದಳು. ಕಟ್ಟೆಯ ಮೇಲೆ ಕೂತ ನಾವು ನಾಲ್ಕು ಜನ ಆಕೆಯ ಅತ್ತೆಯನ್ನು ಕೇಳಿದೆವು, "ಮನ್ಯಾಗ ಅನ್ನ ಇಲ್ಲೇನ?" ಕೇಳಿದ ದನಿ ನನ್ನದೇ. ಮರುದಿನದಿಂದ ಆ ಹುಡುಗಿ ಹೋಗುವುದು ನಿಂತಿತು. ದೂರ, ಬಿಸಿಲು, ಮನೆಗೆಲಸ, ಬಾಣಂತಿ ಹೊರಬೀಳಬಾರದೆಂಬ ರೂಢಿ ಎಂದು ಆ ಯೋಜನೆಗೆ ಹೆಂಗಸರು ಬಾರದಿದ್ದುದಕ್ಕೆ ಅನೇಕ ಕಾರಣ ಹೇಳುತ್ತಾರೆ. ಕಟ್ಟೆಯ ಮೇಲೆ ಕೂತ ನನ್ನಂಥವರನ್ನು ಯಾರೂ ಎಣಿಸುವುದಿಲ್ಲ.

'ಮನ್ಯಾಗ ಅನ್ನ ಇಲ್ಲೇನ', 'ಮನ್ಯಾಗ ಶೇಂಗಾ ಇಲ್ಲೇನ'. ಎಂಟು ವರ್ಷಗಳ ಅಂತರದಲ್ಲಿ ಒಂದೇ ಮಾತನ್ನು ಎರಡು ಸಲ ಆಡಿದ್ದೆ. ಮನೆಯಲ್ಲಿ ಇರುವುದೇ ಬೇರೆ, ಅದು ಒಬ್ಬಳ ಬಾಯಿಗೆ ಬೀಳುವುದೇ ಬೇರೆ ಎಂಬುದು ಸರಕಾರದ ಯಾವನೋ ಕಾರಕೂನನಿಗೆ ಹೊಳೆದಿತ್ತು; ಬಾದಾಮಿಯ ಕಲ್ಲು ನೆಕ್ಕಿ ಗುದ್ದು ತಿಂದ ನನಗೆ ಹೊಳೆದಿರಲಿಲ್ಲ.

ಹಾಗಾದರೆ ಹಂಚಿ ತಿನ್ನುವುದು ನೀತಿಯಲ್ಲವೆ? ಇದು ನನ್ನನ್ನು ಬಹಳ ದಿನ ಕಾಡಿತು, ಈಗಲೂ ಪೂರ್ತಿ ಬಗೆಹರಿದಿಲ್ಲ. ಹಂಚುವ ಸರದಿ ಸುತ್ತುತ್ತಿರಬೇಕು. ಒಂದು ದಿನ ನಾನು, ಒಂದು ದಿನ ನೀನು. ಯಾವಾಗಲೂ ಒಬ್ಬಳೇ ತನ್ನ ಪಾಲಿನಿಂದ ತೆಗೆದು ಕೊಡುತ್ತಿದ್ದರೆ, ಉಳಿದವರು ಅದನ್ನು ಅವಳ ಸ್ವಭಾವವೆಂದು ಹೊಗಳುತ್ತಿದ್ದರೆ, ಅದು ಹಂಚುವುದೋ ಕಸಿಯುವುದೋ? ನನ್ನ ಅವ್ವನನ್ನು ಊರೆಲ್ಲ ಅನ್ನಪೂರ್ಣೆ ಎಂದು ಕರೆಯುತ್ತಿತ್ತು. ಆ ಹೆಸರು ಬಂದ ಮೇಲೆ ಅವಳು ಉಣ್ಣುವುದು ಇನ್ನೂ ಕಷ್ಟವಾಗಿರಬೇಕು.

ಆದರೆ ಪಾಕೀಟಿನ ತಿಂಡಿಯನ್ನು ನಾನು ಹೊಗಳಲಾರೆ. ಕಂಡಕಿ ಸುತ್ತುವ ಆ ಆಕೆ ಈಗಲೂ ಇದ್ದಾಳೆ, ಅವಳ ಸೊಸೆಯೂ ಈಗ ಅದೇ ಕೆಲಸಕ್ಕೆ ಕೂತಿದ್ದಾಳೆ. ಇಡೀ ದಿನದ ಕೂಲಿ ಕೊಟ್ಟರೂ ಎರಡು ಬಾರು ಬರುವುದಿಲ್ಲ ಎಂದು ಲೆಕ್ಕ ಹೇಳಿದಳು, ಹೇಳಿ ನಕ್ಕಳು. ಯಾರೂ ಕೇಳದಂತೆ ಕೂತು ತಿನ್ನುವ ಹಕ್ಕಿಗೆ ಅಂಗಡಿಯಲ್ಲಿ ೧೨೦ ರೂಪಾಯಿ ಬೆಲೆ ಹಾಕಿದರೆ ಅದು ಸಂಬಳದವಳಿಗಷ್ಟೇ ಸಿಗುತ್ತದೆ. ನನ್ನ ಸೊಸೆ ಮನೆಯ ಅನ್ಯಾಯದಿಂದ ಪಾರಾಗಲು ಟಿಕೀಟು ಕೊಂಡಳು. ಅನ್ಯಾಯ ಮನೆಯಲ್ಲೇ ಇತ್ತು. ಅಂಗಡಿಯವನಿಗೆ ಅದು ಇದ್ದರೇ ಲಾಭ.

ಶಾಲೆಯ ಮಕ್ಕಳ ಸಂಗತಿ ಇದಕ್ಕಿಂತ ಹಗುರಾಗಿದೆ. ನನ್ನ ನೌಕರಿಯ ಕಾಲಕ್ಕೆ ಬಿಸಿಯೂಟದಲ್ಲಿ ತತ್ತಿ ಇರಲಿಲ್ಲ. ೨೦೨೧ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲೂ ವಿಜಯಪುರದಲ್ಲೂ ಕೊಡತೊಡಗಿದರು, ಮರುವರ್ಷ ನಮ್ಮ ಕಡೆಗೂ ಬಂತು; ೨೦೨೪ರಿಂದ ವಾರಕ್ಕೆ ಆರು ದಿನ. ಒಲ್ಲದವರಿಗೆ ಬಾಳೆಹಣ್ಣು. ತತ್ತಿಯ ಸುತ್ತ ನಡೆದ ಜಗಳ ನಿಮಗೆ ಗೊತ್ತೇ ಇದೆ, ಅದರಲ್ಲಿ ನಾನು ಬೀಳುವುದಿಲ್ಲ. ನನ್ನ ಹಳೆಯ ಶಾಲೆಯ ಬಾಯಿಯೊಬ್ಬರು ಹೇಳಿದರು: ಮೊದಮೊದಲು ಎರಡನೆಯ ಇಯತ್ತೆಯ ಹುಡುಗಿಯೊಬ್ಬಳು ತತ್ತಿಯನ್ನು ಪಾಟೀಚೀಲದಲ್ಲಿ ಅಡಗಿಸಿ ಮನೆಗೆ ಒಯ್ಯುತ್ತಿದ್ದಳಂತೆ, ತಮ್ಮನಿಗೆ. "ಇಲ್ಲೇ ತಿನ್ನಬೇಕು, ನನ್ನ ಮುಂದ" ಎಂದು ಬಾಯಿ ಗದರಿಸಿದರಂತೆ. ಏಳು ವರ್ಷದ ಕೂಸು. ಯಾರು ಕಲಿಸಿದರು ಅದಕ್ಕೆ? ಒಳ್ಳೆಯ ಹುಡುಗಿ ಎಂದು ನಾವೇ ತಲೆ ಸವರಿ ಕಲಿಸಿದೆವು.

ಗೋಕುಲಾಷ್ಟಮಿಯ ಹೊತ್ತಿಗೆ ಮನೆಯಲ್ಲಿ ಒಂದೆರಡು ಬದಲು ಮಾಡಿದೆ. ಸಾರಿನ ಬೇಳೆಯನ್ನು ಮೊದಲೇ ಒಂದು ವಾಟಗದಲ್ಲಿ ತೆಗೆದಿಡುತ್ತೇನೆ. ನಮ್ಮ ಮನೆಯವರು ಎರಡು ದಿನ ಸಾರು ತಿಳಿಯಾಗಿದೆ ಎಂದರು, ಮೂರನೆಯ ದಿನ ಸುಮ್ಮನಾದರು. ಶೇಂಗಾ ಹುರಿಯುವುದು ಮಗನ ಕೆಲಸ. ಮೊದಲನೆಯ ಸಲ ಅರ್ಧ ಸುಟ್ಟು ಕರಿಯಾದವು, ಮನೆಯೆಲ್ಲ ಹೊಗೆ. ಸೊಸೆ ಬಾರು ತರುವುದನ್ನು ಬಿಟ್ಟಿಲ್ಲ. ಕಡಿಮೆ ಮಾಡಿದ್ದಾಳೆ. ನಾನು ಕೇಳಿಲ್ಲ.

ಮೊನ್ನೆ ಅವಳೇ ನನಗೊಂದು ತಂದುಕೊಟ್ಟಳು. "ಅತ್ತೀ, ಇದು ನಿಮಗ. ಪೂರಾ ನೀವs ತಿನ್ನಬೇಕು ನೋಡ್ರಿ" ಎಂದು ನಕ್ಕು ಬಸ್ಸಿಗೆ ಹೋದಳು. ಮನೆಯಲ್ಲಿ ಯಾರೂ ಇರಲಿಲ್ಲ. ಕೂಸು ಮಲಗಿತ್ತು. ಹಿತ್ತಲ ಕಟ್ಟೆಯ ಮೇಲೆ ಕೂತು ಕಾಗದ ಬಿಚ್ಚಿದೆ. ಹಲ್ಲಿಗೆ ಅಂಟುತ್ತದೆ, ರುಚಿ ಹೇಳಿಕೊಳ್ಳುವಂಥದ್ದಲ್ಲ, ಒಣ ಹಿಟ್ಟಿಗೆ ಚಾಕಲೇಟು ಬಳಿದ ಹಾಗೆ. ಎರಡು ಸಲ ಕಚ್ಚಿದೆ. ಆಮೇಲೆ ನೋಡಿದರೆ ಕೈ ತಾನಾಗಿಯೇ ಉಳಿದದ್ದನ್ನು ಅರ್ಧಕ್ಕೆ ಮುರಿದು ಕಾಗದದಲ್ಲಿ ಸುತ್ತುತ್ತಿತ್ತು. ಯಾರಿಗೆಂದು? ಕೂಸಿಗೆ ಹಲ್ಲಿಲ್ಲ, ಮನೆಯವರಿಗೆ ಸಿಹಿ ಬೇಡ, ಮಗನಿಗೆ ಇದು ಸೇರುವುದಿಲ್ಲ. ಸುತ್ತಿದ್ದನ್ನು ಬಿಚ್ಚಿ ತಿನ್ನಬೇಕೆಂದುಕೊಂಡೆ, ಆಗಲಿಲ್ಲ. ಡಬ್ಬಿಯ ಹಿಂದೆ ಇಟ್ಟೆ.

ಮರುದಿನ ಬೆಳಿಗ್ಗೆ ಸಾಲುಗಟ್ಟಿ ಇರುವೆ ಹತ್ತಿದ್ದವು. ಸೊಸೆ ನೋಡಿದಳು, ನನ್ನ ಕಡೆ ನೋಡಿದಳು. "ಪೂರಾ ತಿಂದಿಲ್ಲೇನ್ರಿ?" ಎಂದು ಕೇಳಿ, ಅದನ್ನು ಕಾಗದಸಮೇತ ಎತ್ತಿ ಹಿತ್ತಲಿಗೆ ಒಯ್ದಳು.